ಖೋ ಖೋ ವರದಿ ಬರೆದ ಸೊಸೆಗೆ ಒಂದು ಪತ್ರ

ಹಾಸನ

ಚಿರಂಜೀವಿಗೆ ಸೋದರಮಾವನ ಆಶೀರ್ವಾದಗಳು.

ಕಡೂರಿನಿಂದ ನೀನು ಕಳುಹಿಸಿದ ತಾಲ್ಲೂಕು ಮಟ್ಟದ ಖೋ ಖೋ ಫೈನಲ್‌ನ ವರದಿ ತಲುಪಿತು. ನಿಮ್ಮ ಕನ್ನಡ ಮೇಷ್ಟ್ರು ಅದನ್ನು ತರಗತಿಯಲ್ಲಿ ಓದಿಸಿದರೆಂದೂ, ಮನೆಯಲ್ಲಿ ಮಾತ್ರ ‘ಆಡುವವರಿಗೇ ಅನ್ನ ಹುಟ್ಟುವುದಿಲ್ಲ, ಆಟದ ಬಗ್ಗೆ ಬರೆಯುವವರ ಗತಿ ಏನು’ ಎಂಬ ಮಾತು ಬಂತೆಂದೂ ಬರೆದಿದ್ದೀಯೆ. ಮನೆಯವರ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೇಷ್ಟ್ರ ವಿಷಯ ಅದಕ್ಕಿಂತ ದೊಡ್ಡದು.

ಬರೆಯುವ ಮಕ್ಕಳನ್ನು ಹೊಗಳುವವರು ಬಹಳ ಮಂದಿ ಸಿಗುತ್ತಾರೆ. ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ನಿನ್ನ ವರದಿಯನ್ನು ಹಾಕಿದರೆ ಅರ್ಧ ಗಂಟೆಯಲ್ಲಿ ಹೂವು, ಚಪ್ಪಾಳೆಗಳ ಚಿತ್ರಗಳು ಬಂದು ಬೀಳುತ್ತವೆ. ಅವರಲ್ಲಿ ಎಷ್ಟು ಜನ ಅದನ್ನು ಕೊನೆಯ ಸಾಲಿನವರೆಗೆ ಓದಿರುತ್ತಾರೆಂದು ನಾನು ವಿಚಾರಿಸಲು ಹೋಗುವುದಿಲ್ಲ. ಪೂರ್ತಿ ಓದಿ, ಮುಂದಿನದು ಯಾವಾಗ ಎಂದು ಕೇಳುವ ಹಿರಿಯರು ಸಿಗುವುದು ಅಪರೂಪ, ಮತ್ತು ಆ ಕೇಳಿಕೆಯೇ ಮಕ್ಕಳನ್ನು ಬರವಣಿಗೆಯಲ್ಲಿ ನಿಲ್ಲಿಸುತ್ತದೆ ಎಂಬುದು ನನ್ನ ಅನುಭವ.

1974ರಲ್ಲಿ ನಾನು ಇಲ್ಲಿಯೇ ಹೈಸ್ಕೂಲಿನಲ್ಲಿದ್ದೆ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಕೆಲವೇ ತಿಂಗಳುಗಳಾಗಿದ್ದವು. ಸತತವಾಗಿ 15 ವರ್ಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದಿದ್ದ ಬೊಂಬಾಯಿ ತಂಡವನ್ನು ನಮ್ಮವರು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹಿಂದಿಕ್ಕಿದಾಗ, ಸಮಾಜ ಪಾಠದ ಮೇಷ್ಟ್ರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಶಾಲೆಯ ವಾರ್ತಾಫಲಕದ ಮುಂದೆ ನಿಲ್ಲಿಸಿದರು. ‘ಗೆದ್ದರು ಅನ್ನೋದು ಊರಿಗೆಲ್ಲ ಗೊತ್ತು, ಹೇಗೆ ಗೆದ್ದರು ಅದನ್ನ ಬರಿ’ ಎಂದರು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಅವರ ಶತಕಗಳನ್ನೂ, ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದದ್ದನ್ನೂ, ವಾಡೇಕರ್ ರನೌಟಾದ ಮೇಲೆ ಪಂದ್ಯ ನಮ್ಮ ಕಡೆಗೆ ಹೊರಳಿದ್ದನ್ನೂ ರೇಡಿಯೊದಲ್ಲಿ ಕೇಳಿದ ಬಲದ ಮೇಲೆ ಬರೆದೆ. ಹುಡುಗರು ಗುಂಪುಗೂಡಿ ಓದಿದರು. ಡ್ರಿಲ್ ಮೇಷ್ಟ್ರು ಒಂದೆರಡು ಕಡೆ ತಕರಾರು ತೆಗೆದರು. ನನಗೆ ಸೀಮೆಸುಣ್ಣ ಕೊಟ್ಟವರು ಮಾತ್ರ ಭೇಷ್ ಎನ್ನಲಿಲ್ಲ. ಜೈಪುರದಲ್ಲಿ ರಾಜಸ್ಥಾನದ ವಿರುದ್ಧ ಫೈನಲ್ ನಡೆಯಲಿದೆಯಲ್ಲ, ಅದಕ್ಕೂ ಫಲಕವನ್ನು ಒರೆಸಿಡಲೇ ಎಂದು ಕೇಳಿದರು, ಅಷ್ಟೆ. ಮುಂದೆ ನನ್ನ ಜೀವನ ಬ್ಯಾಂಕಿನ ಕೌಂಟರಿನಲ್ಲಿ ಕಳೆಯಿತಾದರೂ, ಜಿಲ್ಲಾ ಕ್ರೀಡಾಂಗಣದ ಪಂದ್ಯಗಳ ಬಗ್ಗೆ ಊರಿನ ಪತ್ರಿಕೆಗಳಿಗೆ ಬರೆಯುವುದನ್ನು ನಾನು ಬಿಡಲಿಲ್ಲ.

ಆದ್ದರಿಂದ ನಾನೂ ನಿನ್ನ ವರದಿಯನ್ನು ಹೊಗಳದೆ ಓದುತ್ತೇನೆ. ‘ರೋಚಕ ಪಂದ್ಯದಲ್ಲಿ’ ಎಂಬ ನಿನ್ನ ಮೊದಲ ಸಾಲು ಯಾವ ಪಂದ್ಯಕ್ಕಾದರೂ ಹೊಂದುತ್ತದೆ, ಆದ್ದರಿಂದ ಅದು ಈ ಪಂದ್ಯದ್ದಲ್ಲ. ಕೊನೆಯ ಓಟಗಾರ್ತಿ ಕಂಬದ ಹತ್ತಿರ ಬಂದಾಗಲೆಲ್ಲ ಎಡಗೈಯನ್ನು ಮೈಗೆ ಎಳೆದುಕೊಳ್ಳುತ್ತಿದ್ದಳೆಂದು ನಡುವೆ ಎಲ್ಲೋ ಬರೆದಿದ್ದೀಯಲ್ಲ, ಅದನ್ನು ಆ ಮೈದಾನದಲ್ಲಿ ಕುಳಿತಿದ್ದವರು ಮಾತ್ರ ಬರೆಯಬಲ್ಲರು. ಆದರೆ ಅವಳು ಔಟಾದದ್ದು ಹೇಗೆಂಬುದನ್ನು ‘ಎದುರಾಳಿಗಳ ಚುರುಕಿನ ಆಟ’ ಎಂದು ಹೇಳಿ ದಾಟಿಬಿಟ್ಟಿದ್ದೀಯೆ. ಬೆನ್ನಟ್ಟುವವಳು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ, ನಡುವಿನ ಸಾಲನ್ನು ದಾಟುವಂತೆಯೂ ಇಲ್ಲ. ಓಡುವವಳಿಗೆ ಆ ಕಟ್ಟುಪಾಡು ಇಲ್ಲದಿರುವುದರಿಂದಲೇ ಸಾಲಿನಲ್ಲಿ ಕುಳಿತವರಿಗೆ ಸಕಾಲದಲ್ಲಿ ಖೋ ಕೊಡುವುದರಲ್ಲಿ ಇಡೀ ಆಟ ನಿಂತಿದೆ. ಹಾಗಿದ್ದ ಮೇಲೆ ಆ ಕ್ಷಣದಲ್ಲಿ ಖೋ ಕೊಟ್ಟವಳು ಯಾರು, ಎದ್ದವಳು ಯಾವ ಕಡೆಗೆ ಮುಖ ಮಾಡಿ ಕುಳಿತಿದ್ದಳು ಎಂಬುದು ನಿನ್ನ ವರದಿಯಲ್ಲಿ ಇರಬೇಕಿತ್ತು. ಮುಟ್ಟಿದವಳ ಹೆಸರು ಸ್ಕೋರ್‌ಶೀಟಿನಲ್ಲಿ ಹೇಗೂ ಸಿಗುತ್ತದೆ.

ಎಲ್ಲರ ಕಣ್ಣು ನೆಟ್ಟಿರುವ ಕಡೆಗೆ ನೋಡುವುದರ ಜೊತೆಗೆ ಇನ್ನೊಂದು ತುದಿಯನ್ನೂ ನೋಡುವ ಅಭ್ಯಾಸ ನಿನಗೆ ಈಗಿನಿಂದಲೇ ಬೆಳೆಯಲಿ. 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ 74 ರನ್ನಿಗೆ 10 ವಿಕೆಟ್ ಪಡೆದದ್ದು ನಿನಗೆ ಬಾಯಿಪಾಠವಾಗಿದೆ. ಒಂಬತ್ತು ವಿಕೆಟ್‌ಗಳಾದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದವರು, ನಮ್ಮ ಜಿಲ್ಲೆಯ ಜಾವಗಲ್ಲನ್ನು ಹೆಸರಿನ ಮುಂದೆ ಹೊತ್ತ ಶ್ರೀನಾಥ್. ಹತ್ತನೆಯದು ತಮ್ಮ ಕೈಗೆ ಬೀಳದಿರಲೆಂದು ಅವರು ಚೆಂಡನ್ನು ಸ್ಟಂಪಿನಿಂದ ದೂರ ದೂರ ಹಾಕಿದರು. ಅಂಕಿ ಅಂಶಗಳಲ್ಲಿ ಆ ಓವರಿಗೆ ಯಾವ ಬೆಲೆಯೂ ಇಲ್ಲ, ನನಗೆ ಮಾತ್ರ ಆ ಪಂದ್ಯವೆಂದರೆ ಇವತ್ತಿಗೂ ಮೊದಲು ನೆನಪಾಗುವುದು ಅದೇ.

ನಿಮ್ಮೂರಿನವರ ಬಗ್ಗೆ ಬರೆಯುವಾಗ ಇನ್ನೂ ಎಚ್ಚರವಿರಲಿ. 2017ರ ಜುಲೈ 23ರಂದು ಲಾರ್ಡ್ಸ್‌ನ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ 228ರ ಬೆನ್ನು ಹತ್ತಿದ ಭಾರತ 3 ವಿಕೆಟ್‌ಗೆ 191 ರನ್ ಗಳಿಸಿದ್ದು, ಅಲ್ಲಿಂದ 219ಕ್ಕೆ ಮುಗಿದು 9 ರನ್ನಿನಿಂದ ಸೋತಿತು. ಕಡೂರಿನ ವೇದಾ ಕೃಷ್ಣಮೂರ್ತಿ ಅಂದು 35 ರನ್ ಹೊಡೆದರು. ಊರಿನ ಹುಡುಗಿಯೆಂಬ ಅಭಿಮಾನಕ್ಕೆ ಆ ಕುಸಿತವನ್ನು ಮುಚ್ಚಿಡುವುದು ಸುಲಭ, ಸೋತ ಸಿಟ್ಟಿಗೆ ಆ 35ನ್ನು ಮರೆಯುವುದು ಇನ್ನೂ ಸುಲಭ. ಎರಡನ್ನೂ ಒಂದೇ ಪುಟದಲ್ಲಿ, ಗೋಳಾಡದೆ, ಬೈಯದೆ ಬರೆದು ನೋಡು. ನಾಲ್ಕು ಸಲ ಹರಿದು ಹಾಕಿದರೂ ಚಿಂತೆಯಿಲ್ಲ.

ಇನ್ನು ಮನೆಯವರ ಮಾತು. ಅವರು ಹೇಳುವುದು ಪೂರ್ತಿ ಸುಳ್ಳಲ್ಲ: ಪತ್ರಿಕೆಗಳಲ್ಲಿ ಕ್ರೀಡಾ ವಿಭಾಗದ ಕುರ್ಚಿಗಳು ಕಡಿಮೆ, ಕೆಲಸ ರಾತ್ರಿಯದು. ಆದ್ದರಿಂದ ಓದನ್ನು ಬಿಡುವ ಮಾತೇ ಬೇಡ. ಡಿಗ್ರಿ ಆಗಲಿ, ಇಂಗ್ಲಿಷೂ ಕೈಗೆ ಹತ್ತಲಿ. ಆದರೆ ಖೋ ಖೋಗೆ ಬೆಲೆಯಿಲ್ಲವೆಂದು ಯಾರಾದರೂ ಹೇಳಿದರೆ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ನೇಪಾಳದ ವಿರುದ್ಧ 78–40ರಿಂದ ಗೆದ್ದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರೆಂಬುದನ್ನು ನಿಧಾನವಾಗಿ ತಿಳಿಸು. ಅವರಂಥವರು ದೆಹಲಿಗೆ ಹೋಗುವ ಮುಂಚೆ ಹಳ್ಳಿಯ ಮೈದಾನಗಳಲ್ಲಿ ಓಡಿದ ಓಟವನ್ನು ಬರೆದಿಡುವ ಕೆಲಸ ನಿನ್ನಂಥವರಿಗೆ ಬಿಟ್ಟದ್ದು. ನಿಮ್ಮ ಅಮ್ಮನೊಡನೆ ನಾನೇ ಮಾತನಾಡುತ್ತೇನೆ, ಆ ಭಾರ ನಿನಗೆ ಬೇಡ.

ಜಿಲ್ಲಾ ಮಟ್ಟದ ಪಂದ್ಯಗಳಿಗೆ ಚಿಕ್ಕಮಗಳೂರಿಗೆ ಹೋಗುವಾಗ ಗೆರೆ ಹಾಕಿದ ಸಣ್ಣ ಪುಸ್ತಕವನ್ನೂ ಎರಡು ಪೆನ್ನನ್ನೂ ಇಟ್ಟುಕೋ. ಆಟ ಶುರುವಾಗುವ ಮೊದಲೇ ಮೈದಾನ ಸೇರಿ, ಅಂಕಣ ಒದ್ದೆಯಾಗಿದೆಯೇ ಒಣಗಿದೆಯೇ ಎಂದು ಗುರುತು ಹಾಕಿಕೋ. ವರದಿ ಒಂದೂವರೆ ಪುಟ ಮೀರದಿರಲಿ. ಮೊದಲು ನಿಮ್ಮ ಮೇಷ್ಟ್ರಿಗೆ ತೋರಿಸಿ, ಅವರು ಕೆಂಪು ಶಾಯಿಯಲ್ಲಿ ತಿದ್ದಿದ ಪ್ರತಿಯನ್ನೇ ನನಗೆ ಕಳುಹಿಸು.

ಇತಿ,
ನಿನ್ನ ಸೋದರಮಾವ