ಹಿಮ ಮುಖಪುಟಕ್ಕೆ, ಥಂಡಿ ತಿಕೋಟಾಕ್ಕೆ

ಸಂಪಾದಕರೇ,

ಸೋಮವಾರದ ಪತ್ರಿಕೆಯ ಚಳಿಗಾಲದ ಮುನ್ನೋಟ ಓದಿ ನಮ್ಮ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ನಿಶ್ಚಿಂತೆಯಿಂದ ಮಲಗಿದರು. ‘ರಾತ್ರಿ ತಾಪಮಾನ ವಾಡಿಕೆಗಿಂತ ಹೆಚ್ಚು’ ಎಂದಿತ್ತಲ್ಲ! ಗುರುವಾರ ನಸುಕಿಗೆ ಹಲ್ಲು ಕಟಕಟ. ಎಚ್ಚರಿಕೆಯ ಸಂದೇಶ ಮೊಬೈಲಿಗೆ ಬಂದದ್ದು ಬಿಸಿಲೇರಿದ ಮೇಲೆ, ಒಂಬತ್ತೂವರೆಗೆ.

ಮೂರು ತಿಂಗಳ ಮುನ್ನೋಟ ಹೇಳುವುದು ತೊಂಬತ್ತು ರಾತ್ರಿಗಳ ಸರಾಸರಿಯ ಮಾತು, ಅದೂ ಸಂಭವದ ಲೆಕ್ಕದಲ್ಲಿ. ಎಂಬತ್ತೇಳು ರಾತ್ರಿ ಒಂದೊಂದು ಡಿಗ್ರಿ ಬೆಚ್ಚಗಿದ್ದು, ಮೂರು ರಾತ್ರಿ 8ಕ್ಕೆ ಇಳಿದರೂ ಸರಾಸರಿ ‘ಹೆಚ್ಚು’ ಎಂದೇ ಬರುತ್ತದೆ. ದ್ರಾಕ್ಷಿ ಕೆಡಲು ಆ ಮೂರೇ ಸಾಕು. ಇದನ್ನು ಬರೆಯಲು ಜಾಗವಿರಲಿಲ್ಲ. ಕಾಶ್ಮೀರದ ಹಿಮದ ಫೋಟೊ ಮಾತ್ರ ನಾಲ್ಕು ಕಾಲಂ. ಆ ಹಿಮವೂ ನಮಗೆ ಬೇಕಾದ ಸುದ್ದಿಯೇ. ಅಲ್ಲಿ ಹಿಮ ಸುರಿಸಿದ ಪಶ್ಚಿಮದ ವಾಯುಕ್ಷೋಭೆ ಮುಂದೆ ಸರಿದ ಮೇಲೆ ಬಡಗಣ ಒಣಗಾಳಿ ಮಹಾರಾಷ್ಟ್ರ ದಾಟಿ ಇಲ್ಲಿಗೂ ಬರುತ್ತದೆ, ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಆಕಾಶದ ಪಾಲು. ಅಂದರೆ ಎರಡು ಮೂರು ದಿನ ಮೊದಲೇ ಹೇಳಬಹುದಿತ್ತು.

ಅಕ್ಟೋಬರ್ ಮೊದಲ ವಾರ ಛಾಟ್ನಿ (ಬಳ್ಳಿಯ ಕಡ್ಡಿ ಸವರುವ ಕೆಲಸ) ಮಾಡಿದ ಪ್ಲಾಟುಗಳಲ್ಲಿ ಈಗ ಕಾಯಿ ಮೆತ್ತಗಾಗುವ ಹೊತ್ತು. ನಸುಕಿನಲ್ಲಿ 8-10, ಮಧ್ಯಾಹ್ನ 30ರ ಹತ್ತಿರ ಹೋದರೆ ಥಾಮ್ಸನ್ ತಳಿಯ ಹಸಿರು ಕಾಯಿ ಗುಲಾಬಿಗೆ ತಿರುಗುತ್ತದೆ. ಒಮ್ಮೆ ತಿರುಗಿದ ‘ಪಿಂಕ್ ಬೆರ್ರಿ’ ಯಾವ ಸಿಂಪಡಣೆಗೂ ಹಸಿರಾಗದು (ಅಂಗಡಿಯವರು ಬಾಟಲಿ ಕೊಡುತ್ತಾರೆ, ಅದು ಬೇರೆ ಮಾತು). ಮೊದಲೇ ಗೊನೆಗೆ ಪೇಪರ್ ಸುತ್ತಿ ಪಿನ್ ಹೊಡೆಯಬೇಕು. ಒಂದು ಎಕರೆಗೆ ಸಾವಿರಾರು ಗೊನೆ. ಆಳು ಸಿಗಬೇಕು, ರದ್ದಿ ಸಿಗಬೇಕು. ಶುಕ್ರವಾರ ಅಂಗಡಿಯಲ್ಲಿ ಉಳಿದಿದ್ದ ರದ್ದಿ ತಮ್ಮದೇ ಪತ್ರಿಕೆ. ಮುನ್ನೋಟದ ಪುಟ ಕೊನೆಗೆ ಗೊನೆಗಾದರೂ ಉಪಯೋಗವಾಯಿತು.

ನಸುಕಿನಲ್ಲಿ ನೀರು ಬಿಟ್ಟರೆ ನೆಲ ತುಸು ಬೆಚ್ಚಗಿರುತ್ತದೆ. ಬಿಡುವುದು ಹೇಗೆ? ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬರುವುದು ಹತ್ತು ಗಂಟೆಗೆ. ಆಗ ಒಮ್ಮೆಲೇ ಜಾಸ್ತಿ ಬಿಟ್ಟರೆ ಕಾಯಿ ಸೀಳುತ್ತದೆ.

ಹವಾಮಾನ ಇಲಾಖೆಯ ಸಾಹೇಬರನ್ನು ಕೇಳಿದರೆ ‘ಕನಿಷ್ಠ 10ಕ್ಕೆ ಇಳಿದು, ವಾಡಿಕೆಗಿಂತ 4.5 ಡಿಗ್ರಿ ಕಡಿಮೆಯಾಗಬೇಕು, ಅಲ್ಲಿವರೆಗೆ ಅದು ಶೀತಗಾಳಿ ಅಲ್ಲ’ ಎನ್ನುತ್ತಾರೆ. ನಿಯಮ ಸರಿ. ಆದರೆ ಆ ಅಂಕಿ ನೆಲದಿಂದ ನಾಲ್ಕು ಅಡಿ ಮೇಲೆ, ಪೆಟ್ಟಿಗೆಯೊಳಗಿನ ಥರ್ಮಾಮೀಟರಿನದು. ತಣ್ಣನೆ ಗಾಳಿ ಭಾರ, ತಗ್ಗಿಗೆ ಹರಿದು ನಿಲ್ಲುತ್ತದೆ. ಡೋಣಿ ಹೊಳೆ ದಂಡೆಯ ತಗ್ಗಿನ ಹೊಲದ ಥಂಡಿ ಊರ ನಡುವಿನ ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ನಮ್ಮ ಹೋಬಳಿಯ ಹವಾಮಾನ ಯಂತ್ರದ ಸುತ್ತ ಜಾಲಿ ಕಂಟಿ ಆಳೆತ್ತರ ಬೆಳೆದಿದೆ. ಬೆಳೆವಿಮೆಯ ಲೆಕ್ಕವೂ ಅದರ ಮೇಲೆಯೇ! ಹೋದ ವರ್ಷ ಕೊಟ್ಟ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ. ಅದಕ್ಕೂ ಹಿಂದಿನದಕ್ಕೆ ಉತ್ತರವೇ ಇಲ್ಲ.

ಸಂಬಂಧಪಟ್ಟವರು ಹೋಬಳಿವಾರು ನಸುಕಿನ ತಾಪಮಾನವನ್ನು ಹಿಂದಿನ ಸಂಜೆಯೇ ತಿಳಿಸಲಿ. ಇಲ್ಲವೇ ಕಂಟಿಯನ್ನಾದರೂ ಕಡಿಸಲಿ. ಎರಡೂ ಆಗದಿದ್ದರೆ ಒಂದು ರಾತ್ರಿ ನಮ್ಮ ದ್ರಾಕ್ಷಿ ಪಡದಾಗ ಬಂದು ಮಲಗಲಿ, ಕಂಬಳಿ ಅವರೇ ತರಬೇಕು.

— ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ