ಹೋದ ಬೇಸಿಗೆಯ ಮೊಗ್ಗು

ಪ್ರೀತಿಯ ಪುಟ್ಟಿ,

ಯೇಸು ಸ್ವಾಮಿಯ ಹೆಸರಿನಲ್ಲಿ ನಿನಗೆ ವಂದನೆ. ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೂರು ಸಲ ಓದಿದೆ.

ಗೆಳತಿಯ ಜೊತೆ ಒಂಬತ್ತು ದಿನ ಕಾರಿನಲ್ಲಿ ಸುತ್ತಿ ಬರುತ್ತೇನೆ ಅಂತ ಬರೆದದ್ದು ಓದಿ ಖುಷಿಯಾಯಿತು. ಆದರೆ ಕೊನೆಗೆ, ಹಾಳೆಯ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ: ಈಸ್ಟರ್ ಆರಾಧನೆಯಲ್ಲಿ ಎಲ್ಲರೂ ಹಾಡುತ್ತಿದ್ದಾಗ ನನಗೆ ಏನೂ ಅನ್ನಿಸಲಿಲ್ಲ, ಹೊರಗೆ ಮರಗಳೆಲ್ಲ ಚಿಗುರಿವೆ, ನನ್ನೊಳಗೆ ಮಾತ್ರ ಒಣಗಿದೆ, ದಾರಿಯಲ್ಲಾದರೂ ದೇವರು ಸಿಗಬಹುದಾ ದೊಡ್ಡಪ್ಪ, ಅಂತ. ನಾನು ಕೂತು ಬರೆಯುತ್ತಿರುವುದು ಆ ಎರಡು ಸಾಲಿಗೆ.

ಏನೂ ಅನ್ನಿಸಲಿಲ್ಲ ಅಂದದ್ದಕ್ಕೆ ನಾನು ಬೈಯುವುದಿಲ್ಲ ಕಣಮ್ಮ. ಅದನ್ನು ಬಾಯಿಬಿಟ್ಟು ಹೇಳಿದೆಯಲ್ಲ, ಅದೇ ದೊಡ್ಡದು. ಬೈಬಲ್ಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನ ಕೀರ್ತನೆಗಳು. ಹದಿಮೂರನೆಯದನ್ನು ತೆಗೆದು ನೋಡು. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀಯ ಅಂತ ಅದನ್ನು ಬರೆದವನು ನೇರವಾಗಿ ದೇವರನ್ನೇ ಕೇಳುತ್ತಾನೆ. ಆ ಮಾತನ್ನು ಯಾರೂ ಹೊಡೆದು ಹಾಕಲಿಲ್ಲ. ಸಭೆಯಲ್ಲಿ ಹಾಡುವುದಕ್ಕೆ ಅಂತ ಉಳಿಸಿಕೊಂಡರು.

ಇನ್ನು ಮರ ಚಿಗುರಿದ ವಿಷಯ. ವಸಂತ ಬಂತು, ಸ್ವಾಮಿ ಎದ್ದರು, ನೀನೂ ಅರಳು ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಆ ಮಾತು ಅಷ್ಟು ಸರಿ ಕಾಣುವುದಿಲ್ಲ. ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ, ಅದಕ್ಕೇ ವಸಂತ ಪ್ರತಿ ವರ್ಷ ತಾನಾಗಿ ಬರುತ್ತದೆ. ಪುನರುತ್ಥಾನ ಹಾಗೆ ತಾನಾಗಿ ಬಂದದ್ದಲ್ಲ. ಒಂದೇ ಸಲ, ಒಬ್ಬರಿಗೆ, ನಿಜವಾಗಿ ಸತ್ತಿದ್ದವರಿಗೆ ಆದದ್ದು. ಭೂಮಿಯ ದಕ್ಷಿಣ ಭಾಗದಲ್ಲಿರುವ ಕ್ರೈಸ್ತರಿಗೆ ಈಸ್ಟರ್ ಬರುವುದೇ ಎಲೆ ಉದುರುವ ಕಾಲದಲ್ಲಿ. ಅವರ ಈಸ್ಟರ್ ಏನು ಕಮ್ಮಿಯಾ? ಹೊರಗಿನ ಚಿಗುರು ನೋಡಿ ನಿನ್ನ ನಂಬಿಕೆಯನ್ನು ಅಳೆಯಬೇಡ.

ಹಾಗಂತ ಮರಗಳಿಂದ ಕಲಿಯುವುದು ಏನೂ ಇಲ್ಲ ಅನ್ನುತ್ತಿಲ್ಲ. ನನಗೆ ಕಲಿಸಿದ್ದೇ ಒಂದು ಮರ. ಇದನ್ನು ಇಷ್ಟು ದಿನ ನಿನಗೆ ಹೇಳಿರಲಿಲ್ಲ.

ನಿನ್ನ ದೊಡ್ಡಮ್ಮ ತೀರಿಕೊಂಡದ್ದು ಚಳಿಗಾಲದಲ್ಲಿ, ನೆನಪಿದೆಯಲ್ಲ. ವಸಂತ ಶುರುವಾಗುತ್ತಿದ್ದ ಹಾಗೆ ನಾನು ಒಬ್ಬನೇ ಕಾರು ತೆಗೆದುಕೊಂಡು ಹೊರಟೆ. ಮನೆಯಲ್ಲಿ ಇರುವುದಕ್ಕೆ ಆಗುತ್ತಿರಲಿಲ್ಲ, ಅಷ್ಟೇ. ಪಕ್ಕದ ಸೀಟಿನಲ್ಲಿ ಬೈಬಲ್ ಇಟ್ಟುಕೊಂಡಿದ್ದೆ, ತೆರೆಯಲಿಲ್ಲ. ಎರಡನೇ ದಿನ ಮಧ್ಯಾಹ್ನ ಘಾಟಿ ಹತ್ತುವಾಗ ಇಂಜಿನ್ ಬಿಸಿಯಾಗಿ ಮುಳ್ಳು ಕೆಂಪಿಗೆ ಹೋಯಿತು. ಹೊರಡುವ ಮುಂಚೆ ಕೂಲೆಂಟ್ ನೋಡಿರಲಿಲ್ಲ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಒಳಗಿನ ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಸುಮ್ನೆ ಕಾಯಬೇಕು. ಬೇರೆ ದಾರಿಯೇ ಇಲ್ಲ.

ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ತಲೆ ಮೇಲೆ ಒಂದು ಬೋಳು ಮರ. ಸುತ್ತಲಿನವೆಲ್ಲ ಚಿಗುರಿದ್ದವು, ಇದೊಂದು ಮಾತ್ರ ಇರಲಿಲ್ಲ. ನನ್ನ ಹಾಗೇ ಅನ್ನಿಸಿತು. ಕೈಗೆಟುಕಿದ ಕೊಂಬೆಯಿಂದ ಒಂದು ಮೊಗ್ಗು ಕಿತ್ತೆ. ಗೋಧಿ ಕಾಳಿನಷ್ಟು ದಪ್ಪ, ಕಂದು ಬಣ್ಣ, ಮುಟ್ಟಿದರೆ ಸ್ವಲ್ಪ ಅಂಟು. ಉಗುರಿನಿಂದ ಸಿಪ್ಪೆ ಒಂದೊಂದೇ ಬಿಡಿಸಿದೆ. ಒಂದರ ಮೇಲೊಂದು ಸಿಪ್ಪೆ, ಹೆಂಚು ಹೊದಿಸಿದ ಹಾಗೆ. ನಡುವೆ ಹಸಿರು ಎಲೆ. ಪೂರ್ತಿ ಎಲೆ, ಪುಟ್ಟಿ. ಅಂಚಿನ ಹಲ್ಲುಗಳು ಸಮೇತ, ಬೀಸಣಿಗೆ ಮಡಚಿದ ಹಾಗೆ ಮಡಚಿಕೊಂಡು ಕೂತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದೆ. ಇಂಜಿನ್ ಯಾವಾಗಲೋ ತಣ್ಣಗಾಗಿತ್ತು.

ಆಮೇಲೆ ಮನೆಗೆ ಬಂದು ಓದಿ ತಿಳಿದುಕೊಂಡೆ. ಚಳಿಗೆ ಎಲೆ ಉದುರಿಸುವ ಮರಗಳಲ್ಲಿ ಮೊಗ್ಗು ಹುಟ್ಟುವುದು ವಸಂತದಲ್ಲಿ ಅಲ್ಲ. ಹಿಂದಿನ ಬೇಸಿಗೆಯಲ್ಲೇ ಹುಟ್ಟಿ, ಚಳಿಗೆ ಮುಂಚೆಯೇ ಮುಚ್ಚಿಕೊಂಡಿರುತ್ತದೆ. ವಸಂತದಲ್ಲಿ ತೆರೆಯುತ್ತದೆ ಅಷ್ಟೇ. ಓದುತ್ತಿದ್ದವನು ಪುಸ್ತಕ ಮುಚ್ಚಿಟ್ಟೆ. ನಾನು ಬಿಡಿಸಿ ನೋಡಿದ ಆ ಎಲೆ ಹುಟ್ಟಿದಾಗ ನಿನ್ನ ದೊಡ್ಡಮ್ಮ ಬದುಕಿದ್ದಳು. ನಾನು ಅವಳ ಹಾಸಿಗೆ ಪಕ್ಕ ಕೂತು, ದೇವರೇ ನೀನು ಏನೂ ಮಾಡುತ್ತಿಲ್ಲ ಅಂತ ಅಳುತ್ತಿದ್ದ ದಿನಗಳಲ್ಲಿ ಆ ಮೊಗ್ಗು ಕಟ್ಟಿತ್ತು.

ಇನ್ನೊಂದೂ ತಿಳಿಯಿತು. ಸೇಬು, ಪೀಚ್, ಬಾದಾಮಿಯಂಥ ಮರಗಳಿಗೆ ಚಳಿ ಬೇಕೇ ಬೇಕು. ಸೊನ್ನೆಯಿಂದ 7 ಡಿಗ್ರಿಯ ಚಳಿ ನೂರಾರು ಗಂಟೆ ಸಿಗಬೇಕು. ಸೇಬಿನ ಕೆಲವು ತಳಿಗಳಿಗೆ ಸಾವಿರ ಗಂಟೆಯ ತನಕ ಬೇಕಂತೆ. ಚಳಿ ಸಾಲದೆ ಹೋದರೆ, ಎಷ್ಟೇ ಬಿಸಿಲು ಬಂದರೂ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ನಿನ್ನ ಒಣಗಿದ ದಿನಗಳೂ ಹಾಗೇ ಅಂತ ನಾನು ಖಂಡಿತವಾಗಿ ಹೇಳಲಾರೆ, ಅದು ದೇವರಿಗೆ ಗೊತ್ತು. ನನ್ನ ಚಳಿ ಮಾತ್ರ ದಂಡವಾಗಲಿಲ್ಲ.

ಪ್ರವಾದಿ ಯೆರೆಮೀಯನಿಗೆ ದೇವರು ಮೊದಲು ತೋರಿಸಿದ್ದು ಏನು ಗೊತ್ತಾ? ಬಾದಾಮಿ ಕೊಂಬೆ. ಆ ಸೀಮೆಯಲ್ಲಿ ಎಲ್ಲಕ್ಕಿಂತ ಮುಂಚೆ ಹೂ ಬಿಡುವ ಮರಗಳಲ್ಲಿ ಅದೂ ಒಂದು, ಎಲೆ ಬರುವ ಮುಂಚೆ ಬರಿಗೊಂಬೆಯ ಮೇಲೇ ಅರಳುತ್ತದೆ. ಇಬ್ರಿಯ ಭಾಷೆಯಲ್ಲಿ ಬಾದಾಮಿಗೆ ಶಾಕೇದ್ ಅನ್ನುತ್ತಾರೆ, ಎಚ್ಚರವಾಗಿದ್ದು ಕಾಯುವವನಿಗೆ ಶೋಕೇದ್. ನನ್ನ ಮಾತು ನೆರವೇರುವ ತನಕ ನಾನು ಎಚ್ಚರವಾಗಿದ್ದೇನೆ ಅಂತ ದೇವರು ಹೇಳಿದ್ದು ಆ ಕೊಂಬೆಯನ್ನು ತೋರಿಸಿಯೇ. ನಮ್ಮ ಅನುವಾದಗಳಲ್ಲಿ ಆ ಎರಡು ಪದಗಳ ಹತ್ತಿರದ ಸದ್ದು ಕೇಳಿಸುವುದಿಲ್ಲ, ಅದೊಂದು ಬೇಜಾರು ನನಗೆ.

ಈಗ ನಿನ್ನ ಪ್ರಶ್ನೆ. ದಾರಿಯಲ್ಲಿ ದೇವರು ಸಿಗಬಹುದಾ?

ಹೊರಡುವ ಹಿಂದಿನ ರಾತ್ರಿ ಲೂಕನ ಸುವಾರ್ತೆಯ 24ನೇ ಅಧ್ಯಾಯ ಓದು. ಸ್ವಾಮಿ ಎದ್ದ ದಿನವೇ ಇಬ್ಬರು ಯೆರೂಸಲೇಮ್ ಬಿಟ್ಟು ಎಮ್ಮಾಹು ಅನ್ನುವ ಹಳ್ಳಿಗೆ ಹೊರಟಿದ್ದಾರೆ. ಸುಮಾರು 11 ಕಿಲೋಮೀಟರ್ ದಾರಿ. ಒಬ್ಬನ ಹೆಸರು ಕ್ಲೆಯೊಫ, ಇನ್ನೊಬ್ಬರ ಹೆಸರು ಬರೆದಿಲ್ಲ. ಗಮನಿಸು, ಅವರು ಹೋಗುತ್ತಿರುವುದು ಸ್ವಾಮಿಯ ಕಡೆಗಲ್ಲ. ಊರು ಬಿಟ್ಟು, ಶಿಷ್ಯರನ್ನು ಬಿಟ್ಟು ದೂರ ಹೋಗುತ್ತಿದ್ದಾರೆ. ನಾವು ಎಷ್ಟೊಂದು ಆಸೆ ಇಟ್ಟುಕೊಂಡಿದ್ದೆವು, ಎಲ್ಲ ಮುಗಿಯಿತು ಅನ್ನುವ ಮನಸ್ಸು. ಯೇಸು ಬಂದು ಜೊತೆಗೆ ಸೇರಿಕೊಂಡರು. ತಿರುಗಿ ನಡೆಯಿರಿ ಅನ್ನಲಿಲ್ಲ. ಏನು ಮಾತಾಡುತ್ತಾ ಹೋಗುತ್ತಿದ್ದೀರಿ ಅಂತ ಕೇಳಿದರು. ಅವರು ಹೇಳುವುದನ್ನೆಲ್ಲ ಹೇಳಿ ಮುಗಿಸುವ ತನಕ ಕೇಳಿಸಿಕೊಂಡರು. ಆಮೇಲೆ ಬುದ್ಧಿ ಮಂದವಾಯಿತೇ ಅಂತ ಗದರಿದ್ದೂ ಉಂಟು, ಅದೂ ಜೊತೆಯಲ್ಲಿ ನಡೆಯುತ್ತಲೇ.

ದಾರಿಯುದ್ದಕ್ಕೂ ಅವರಿಗೆ ಗುರುತು ಸಿಗಲಿಲ್ಲ. ಮನೆಗೆ ಹೋಗಿ, ಊಟಕ್ಕೆ ಕೂತು, ಸ್ವಾಮಿ ರೊಟ್ಟಿ ಮುರಿದಾಗಲೇ ಗೊತ್ತಾದದ್ದು. ಗೊತ್ತಾದ ಕೂಡಲೇ ಮಾಯವಾದರು. ಆಗ ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ದಾರಿಯಲ್ಲಿ ಮಾತಾಡುತ್ತಿದ್ದಾಗ ನಮ್ಮ ಎದೆ ಉರಿಯುತ್ತಿತ್ತಲ್ಲವೇ ಅಂತ. ನೋಡು, ಎದೆ ಉರಿಯುತ್ತಿದ್ದದ್ದು ದಾರಿಯಲ್ಲಿ, ಅದು ಏನು ಅಂತ ತಿಳಿದದ್ದು ರಾತ್ರಿ ಊಟದ ಹೊತ್ತಿಗೆ. ಅದಕ್ಕೇ ನಿನಗೆ ಹೇಳುವುದು: ಈಗ ಏನಾದರೂ ಅನ್ನಿಸಿತಾ, ಈಗ ಅನ್ನಿಸಿತಾ ಅಂತ ದಾರಿಯುದ್ದಕ್ಕೂ ನಿನ್ನ ನಾಡಿ ನೀನೇ ಹಿಡಿದು ನೋಡಿಕೊಳ್ಳಬೇಡ.

ಆ ರಾತ್ರಿಯೇ ಅವರು ಎದ್ದು ವಾಪಸ್ ಹೊರಟರು. ನನಗೆ ಇಲ್ಲಿ ಒಂದು ವಿಷಯ ತುಂಬಾ ಇಷ್ಟ. ಯೆಹೂದ್ಯರ ಪಸ್ಕ ಹಬ್ಬ ಬರುವುದು ವಸಂತದ ಹುಣ್ಣಿಮೆಗೆ, ಸ್ವಾಮಿಯನ್ನು ಶಿಲುಬೆಗೆ ಹಾಕಿದ್ದು ಆ ಹಬ್ಬದ ಸಮಯದಲ್ಲೇ. ಆಗ ಹುಣ್ಣಿಮೆ ಕಳೆದು ಎರಡು ಮೂರು ದಿನವಾಗಿರಬೇಕು, ಚಂದ್ರ ಸ್ವಲ್ಪ ತಡವಾಗಿ ಹುಟ್ಟುವ ಕಾಲ. ಅಂದರೆ ಮೊದಲು ಕತ್ತಲಲ್ಲೇ ಹೆಜ್ಜೆ ಹಾಕಿರುತ್ತಾರೆ, ಆಮೇಲೆ ಬೆಳದಿಂಗಳು ಬಂದಿರುತ್ತದೆ. ಹಗಲು ನಡೆದ ಸುಸ್ತು ಮೈಯಲ್ಲೇ ಇದೆ, ಅದೇ 11 ಕಿಲೋಮೀಟರ್, ಅವೇ ಕಲ್ಲುಗಳು. ಯಾರೂ ಹೇಳದೆ ತಾವಾಗಿಯೇ ತಿರುಗಿ ನಡೆದರು.

ಭಾನುವಾರ ದಾರಿಯಲ್ಲಿದ್ದರೆ ಪಾಪವಾ ಅಂತ ಕೇಳಿದ್ದೀಯ. ಯಾವ ಊರಲ್ಲಿದ್ದೀಯೋ ಅಲ್ಲಿಯ ಸಭೆಗೆ ಹೋಗು, ಹಿಂದಿನ ಬೆಂಚಿನಲ್ಲಿ ಕೂರು. ಹಾಡು ಗೊತ್ತಿಲ್ಲದಿದ್ದರೆ ಕೇಳಿಸಿಕೋ. ನಿನ್ನ ಪರಿಚಯವೇ ಇಲ್ಲದ ಜನ ನಿನಗಾಗಿಯೂ ಸೇರಿಸಿ ಪ್ರಾರ್ಥನೆ ಮಾಡುವುದನ್ನು ಒಂದು ಸಲ ಕೂತು ಕೇಳಬೇಕು. ಸಭೆ ಸಿಗದೆ ಹೋದರೆ ಎಲ್ಲಾದರೂ ಕಾರು ನಿಲ್ಲಿಸಿ, ಇಬ್ಬರೂ ಸೇರಿ ಒಂದು ಕೀರ್ತನೆ ಜೋರಾಗಿ ಓದಿ. ಆ ಹದಿಮೂರನೆಯದಾದರೂ ಸರಿ.

ನಿನ್ನ ಗೆಳತಿಗೆ ನಂಬಿಕೆ ಇಲ್ಲ ಅಂತ ಬರೆದಿದ್ದೀಯ. ಅವಳ ಹತ್ತಿರ ವಾದ ಮಾಡಬೇಡ, ಅವಳ ಮುಂದೆ ಬಚ್ಚಿಡಲೂ ಬೇಡ. ನಿನಗೆ ಈಗ ಏನಾಗುತ್ತಿದೆಯೋ ಅದನ್ನು ಹಾಗೇ ಹೇಳು. ಪಕ್ಕ ಪಕ್ಕ ಕೂತು ಮುಂದೆ ರಸ್ತೆ ನೋಡುತ್ತಾ ಹೇಳುವುದು ಎದುರು ಕೂತು ಹೇಳುವುದಕ್ಕಿಂತ ಸುಲಭ. ಒಂದು ದಿನಕ್ಕೆ ಜಾಸ್ತಿ ಜಾಗ ನೋಡುವ ಪಟ್ಟಿ ಬೇಡ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಕೆಳಗಿಳಿ. ನಿದ್ದೆ ಬಂದರೆ ಮಲಗು, ಪ್ರವಾದಿ ಎಲೀಯನೂ ಒಂದು ಗಿಡದ ಕೆಳಗೆ ಮಲಗಿದ್ದ, ದೂತ ಅವನನ್ನು ಎಬ್ಬಿಸಿ ಮೊದಲು ಊಟ ಮಾಡು ಅಂದ. ಟಯರಿನ ಗಾಳಿ, ಕೂಲೆಂಟ್, ಸ್ಟೆಪ್ನಿ ಮೂರನ್ನೂ ಹಿಂದಿನ ದಿನವೇ ನೋಡಿಸು. ಇದಕ್ಕೆ ಮಾತ್ರ ನನಗೆ ಮಾತು ಕೊಡಬೇಕು.

ವಸಂತ ಬಂತು ಅಂತ ಬೆಚ್ಚಗಿನ ಬಟ್ಟೆ ಬಿಟ್ಟು ಹೋಗಬೇಡ. ಸ್ವಾಮಿಯನ್ನು ಹಿಡಿದುಕೊಂಡು ಹೋದ ರಾತ್ರಿಯೂ ವಸಂತವೇ, ಆದರೂ ಚಳಿ ಎಷ್ಟಿತ್ತೆಂದರೆ ಅಂಗಳದಲ್ಲಿ ಕೆಂಡ ಹಾಕಿದ್ದರು, ಪೇತ್ರ ಕೈ ಕಾಯಿಸಿಕೊಳ್ಳುತ್ತಾ ನಿಂತಿದ್ದ. ನಿನ್ನ ದೊಡ್ಡಮ್ಮನ ಬೂದು ಬಣ್ಣದ ಶಾಲು ಒಗೆದು ಮಡಚಿಟ್ಟಿದ್ದೇನೆ. ಒಂದು ಅಂಚಿನಲ್ಲಿ ದಾರ ಬಿಟ್ಟಿದೆ, ನನಗೆ ಹೊಲಿಯಲು ಬರಲಿಲ್ಲ. ಹೊರಡುವ ದಿನ ಈ ಕಡೆಯಿಂದಲೇ ಹೋಗಿ, ಕೊಟ್ಟು ಕಳಿಸುತ್ತೇನೆ. ಬೆಳಿಗ್ಗೆ ಐದಕ್ಕೇ ಎದ್ದಿರುತ್ತೇನೆ.

ನಿನ್ನ ದೊಡ್ಡಪ್ಪ