ಕೊಡೆಯ ಕಡ್ಡಿ ಎಲ್ಲಿ ಹೋಯಿತು?

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯ ಮುಖಪುಟ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಮಳೆಯ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ನನ್ನ ತಕರಾರು ಚಿತ್ರದ್ದು. ಕೊಡೆ ಹಿಡಿದ ಹುಡುಗಿ ಒಂದು ಫೋಟೋ, ಹಿಂದಿನ ಬೆಟ್ಟ ಇನ್ನೊಂದು, ಮೋಡ ಮತ್ತೊಂದು. ಮೂರನ್ನೂ ಸೇರಿಸಿ ಒಂದು ಚಿತ್ರ ಮಾಡಿದ್ದೀರಿ. ಸೇರಿಸಿದ್ದು ತಪ್ಪಲ್ಲ. ಆದರೆ ಹುಡುಗಿಯ ಸುತ್ತ ತಲೆಯಿಂದ ಕಾಲಿನವರೆಗೆ ಅಂಚನ್ನು ಒಂದೇ ಸಮನೆ ಕರಗಿಸಿಬಿಟ್ಟಿದ್ದಾರೆ. ಕೊಡೆಯ ಕಡ್ಡಿಗಳ ತುದಿ ಮಾಯ. ಕೂದಲ ಸುತ್ತ ತೆಳು ಹಳದಿ ಮಂಜು. ಆ ಹುಡುಗಿ ಫೋಟೋ ತೆಗೆಸಿಕೊಂಡದ್ದು ಹಳದಿ ಗೋಡೆಯ ಮುಂದೆ ಅಂತ ಹೇಳಲು ಪತ್ತೇದಾರ ಬೇಕಿಲ್ಲ.

ನಾನು 30 ವರ್ಷ ಸ್ಟುಡಿಯೋ ಕೆಲಸ ಮಾಡಿದವನು. ಮೊದಲರ್ಧ ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ, ಉಳಿದದ್ದು ಕಂಪ್ಯೂಟರ್ ಮುಂದೆ. ಪೇಪರ್ ಕೈಗೆ ಬಂದರೆ ಸುದ್ದಿಗಿಂತ ಮುಂಚೆ ಚಿತ್ರದ ಅಂಚು ನೋಡುವ ಚಟ ಇನ್ನೂ ಬಿಟ್ಟಿಲ್ಲ. ಮನೆಯವರು ಬೈದು ಸುಮ್ಮನಾಗಿದ್ದಾರೆ.

ಆ ಹಳದಿ ಮಂಜು ಬಂದದ್ದು ಹೇಗೆ ಅಂತ ಹೇಳುತ್ತೇನೆ. ಹುಡುಗಿಯನ್ನು ಸೆಲೆಕ್ಟ್ ಮಾಡಿ, ಅಂಚನ್ನು ಮೆತ್ತಗೆ ಮಾಡುವ ಫೆದರ್‌ಗೆ ಒಂದು ಸಂಖ್ಯೆ ಕೊಟ್ಟು, ಎತ್ತಿ ಬೆಟ್ಟದ ಮೇಲೆ ಕೂರಿಸಿದ್ದಾರೆ. ಫೆದರ್ ಒಂದೇ ಕಡೆ ಹರಡುವುದಿಲ್ಲ. ಕತ್ತರಿಸಿದ ಗೆರೆಯ ಎರಡೂ ಕಡೆ ಹರಡುತ್ತದೆ. ಒಳಗೆ ಕೆನ್ನೆ, ಕೂದಲು, ಕಡ್ಡಿ ಸ್ವಲ್ಪ ಸ್ವಲ್ಪ ಕರಗುತ್ತವೆ. ಹೊರಗಿನ ಗೋಡೆಯೂ ಸ್ವಲ್ಪ ಅಂಟಿಕೊಂಡು ಜೊತೆಗೆ ಬರುತ್ತದೆ. ಹಳೆಯ ಹಿನ್ನೆಲೆ ತಿಳಿ ಬಣ್ಣದ್ದು, ಹೊಸದು ಕಪ್ಪು ಮೋಡ ಅಂದರೆ ಮುಗಿಯಿತು, ಸುತ್ತ ಪ್ರಭಾವಳಿ ಗ್ಯಾರಂಟಿ. ಸಂಖ್ಯೆಯದೂ ಒಂದು ಗೋಳು. 20 ಪಿಕ್ಸೆಲ್ ಫೆದರ್ 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಇದ್ದೂ ಇಲ್ಲದ ಹಾಗೆ. ಅದೇ 20ನ್ನು 800 ಪಿಕ್ಸೆಲ್ ಚಿತ್ರಕ್ಕೆ ಕೊಟ್ಟರೆ ಕಿವಿಯನ್ನೇ ನುಂಗುತ್ತದೆ.

ಕಿವಿ ಅಂದದ್ದು ಸುಮ್ನೆ ಅಲ್ಲ. ನಮ್ಮ ಅಪ್ಪ ಅಮ್ಮ ಜೊತೆಗೆ ಕೂತ ಒಂದು ಫೋಟೋವೂ ನಮ್ಮಲ್ಲಿ ಇರಲಿಲ್ಲ. ಕಂಪ್ಯೂಟರ್ ಕಲಿತ ಹೊಸತರಲ್ಲಿ ನಾನೇ ಮಾಡುತ್ತೇನೆ ಅಂತ ಹೊರಟೆ. ಅಮ್ಮನ ಫೋಟೋ ನಮ್ಮಲ್ಲೇ ಇತ್ತು, ಗಾಢ ಬಣ್ಣದ ಪರದೆಯ ಮುಂದೆ ತೆಗೆದದ್ದು. ಅಪ್ಪ ಸಿಕ್ಕಿದ್ದು ನೆಂಟರೊಬ್ಬರ ಗುಂಪು ಫೋಟೋದಲ್ಲಿ. ಎರಡನೇ ಸಾಲು, ಹಿಂದೆ ಸುಣ್ಣದ ಗೋಡೆ. ಸ್ಕ್ಯಾನ್ ಮಾಡಿಕೊಂಡು ಫೋಟೋ ವಾಪಸ್ ಕೊಟ್ಟೆ. ಅಪ್ಪನನ್ನು ಕತ್ತರಿಸಿ ಅಮ್ಮನ ಪಕ್ಕ ಕೂರಿಸಿದೆ. ಅಂಚಿಗೆ ದೊಡ್ಡ ಮೆತ್ತನೆಯ ಎರೇಸರ್ ಹಿಡಿದು ಸುತ್ತಲೂ ಒಂದು ಸುತ್ತು ಉಜ್ಜಿದೆ. ಬಲಗಿವಿಯ ಹೊರಗಿನ ಮಡಿಕೆ ಅಳಿಸಿ ಹೋಯಿತು. ಸಣ್ಣದಾಗಿ ನೋಡುವಾಗ ಗೊತ್ತಾಗಲಿಲ್ಲ. ಲೇಯರ್, ಅಂದರೆ ಒಂದರ ಮೇಲೊಂದು ಇಟ್ಟ ಚಿತ್ರದ ಪದರ, ಎಲ್ಲ ಒಂದು ಮಾಡಿ, ಸ್ಕ್ಯಾನ್ ಮಾಡಿದ ಫೈಲಿನ ಮೇಲೇ ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಮೇಲೆ ತಂಗಿ ಕೇಳಿದಳು, "ಅಪ್ಪನ ಕಿವಿ ಏನಾಯ್ತು?" ಓಡಿ ಹೋಗಿ ನೆಂಟರನ್ನು ಕೇಳಿದರೆ ಆ ಗುಂಪು ಫೋಟೋ ಅಷ್ಟರಲ್ಲಿ ನೀರು ಬಿದ್ದು ಗಾಜಿಗೆ ಅಂಟಿ ಹಾಳಾಗಿತ್ತು.

1994ರಲ್ಲೇ ಫೋಟೋಶಾಪ್‌ನ 3ನೇ ಆವೃತ್ತಿಯಲ್ಲಿ ಲೇಯರ್ ಬಂದಿತ್ತು. ನಾನು ಈ ಎಡವಟ್ಟು ಮಾಡುವ ಹೊತ್ತಿಗೆ ಮಾಸ್ಕ್ ಕೂಡ ಕಣ್ಣೆದುರೇ ಇತ್ತು. ಎರೇಸರ್ ಅಳಿಸುತ್ತದೆ, ಮಾಸ್ಕ್ ಬರೀ ಮುಚ್ಚುತ್ತದೆ. ಮಾಸ್ಕ್ ಮೇಲೆ ಬಿಳಿ ಬಳಿದರೆ ಚಿತ್ರ ಕಾಣುತ್ತದೆ, ಕಪ್ಪು ಬಳಿದರೆ ಅಡಗುತ್ತದೆ, ಬೂದು ಬಳಿದರೆ ಅರೆಬರೆ. ಕಿವಿ ಹೋದರೆ ಬಿಳಿ ಬ್ರಶ್ ಹಿಡಿದು ವಾಪಸ್ ಕರೆಯಬಹುದು. ನಿಮ್ಮ ಹುಡುಗಿಯ ಕೊಡೆಯೂ ಹಾಗೇ ವಾಪಸ್ ಬರುತ್ತಿತ್ತು.

ಆದರೆ ಎಷ್ಟು ಕರಗಿಸಬೇಕು? ಇದಕ್ಕೆ ಒಂದು ಸಂಖ್ಯೆ ಇಲ್ಲ. ಫೋಟೋವನ್ನೇ ಕೇಳಬೇಕು. 100 ಪರ್ಸೆಂಟ್ ಜೂಮ್‌ನಲ್ಲಿ ಇಟ್ಟು ಅಂಚಿನ ಉದ್ದಕ್ಕೂ ನಿಧಾನವಾಗಿ ನೋಡಿ. ಲೆನ್ಸ್ ಯಾವುದಕ್ಕೆ ಫೋಕಸ್ ಆಗಿದೆಯೋ ಅದರ ಅಂಚು ಒಂದೆರಡು ಪಿಕ್ಸೆಲ್‌ನಲ್ಲಿ ಮುಗಿಯುತ್ತದೆ. ಕೊಡೆಯ ಕಡ್ಡಿ ಅಂಥದ್ದು. ಅಲ್ಲಿ ಬ್ರಶ್ ಗಟ್ಟಿ ಇರಬೇಕು, ಸೆಲೆಕ್ಷನ್ ಒಂದು ಪಿಕ್ಸೆಲ್ ಒಳಗೆ ಎಳೆದುಕೊಂಡರೆ ಗೋಡೆಯ ಹಳದಿ ಉದುರಿ ಹೋಗುತ್ತದೆ. ಹಿಂದಿನ ಭುಜ ಫೋಕಸ್ ತಪ್ಪಿ ಮಬ್ಬಾಗಿದ್ದರೆ ಅಲ್ಲಿ ಮಾತ್ರ ಮೆತ್ತನೆಯ ಬ್ರಶ್. ಕೂದಲಿಗೆ ಇವೆರಡೂ ಸಾಲುವುದಿಲ್ಲ. ಬುಡ ಗಟ್ಟಿ, ತುದಿಯಲ್ಲಿ ಒಂದೊಂದೇ ಎಳೆ, ಸಣ್ಣ ಬ್ರಶ್‌ನಲ್ಲಿ ಬಿಡಿಸಿಕೊಳ್ಳಬೇಕು. ಬೇಜಾರಿನ ಕೆಲಸ. ಈಗ ಒಂದು ಬಟನ್ ಒತ್ತಿದರೆ ಸಾಫ್ಟ್‌ವೇರೇ ಕೂದಲು ಹುಡುಕಿ ಕೊಡುತ್ತದೆ, ಮುಕ್ಕಾಲು ಪಾಲು ಸರಿಯಾಗೇ ಕೊಡುತ್ತದೆ. ಉಳಿದ ಕಾಲು ಪಾಲನ್ನು ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ?

ಡಾರ್ಕ್‌ರೂಮಿನಲ್ಲಿ ಎರಡು ನೆಗೆಟಿವ್ ಸೇರಿಸುವಾಗ ನಾವು ರಟ್ಟಿನ ತುಂಡನ್ನು ಕಾಗದದ ಮೇಲೆ ಎತ್ತಿ ಹಿಡಿದು, ಬೆಳಕು ಬೀಳುವಷ್ಟು ಹೊತ್ತೂ ಅಲುಗಾಡಿಸುತ್ತಿದ್ದೆವು. ಕೈ ಒಂದು ಕ್ಷಣ ನಿಂತರೆ ಗೆರೆ. ರಟ್ಟು ಕಾಗದದಿಂದ ಮೇಲೆ ಹೋದಷ್ಟೂ ಅಂಚು ಮೆತ್ತಗೆ, ಹತ್ತಿರ ತಂದಷ್ಟೂ ಗಟ್ಟಿ. ಇದು ನಾವು ಕಂಡುಹಿಡಿದ ವಿದ್ಯೆಯೇನಲ್ಲ. 1858ರಲ್ಲೇ ಇಂಗ್ಲೆಂಡಿನ ಫೋಟೋಗ್ರಾಫರ್ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಜೋಡಿಸಿ ಒಂದು ಚಿತ್ರ ಮಾಡಿದ್ದರು.

ಕಂಪ್ಯೂಟರಿನವರೂ ಇದೇ ಮಾತನ್ನು ಲೆಕ್ಕದಲ್ಲಿ ಹೇಳಿದ್ದಾರೆ. 1983ರಲ್ಲಿ ಪೀಟರ್ ಬರ್ಟ್, ಎಡ್ವರ್ಡ್ ಆಡೆಲ್ಸನ್ ಎಂಬಿಬ್ಬರು ಅರ್ಧ ಸೇಬಿಗೆ ಅರ್ಧ ಕಿತ್ತಳೆ ಬೆಸೆದು ತೋರಿಸಿದರು. ಬಣ್ಣ, ಬೆಳಕಿನಂಥ ದೊಡ್ಡ ಏರಿಳಿತವನ್ನು ಅಗಲವಾಗಿ ಬೆರೆಸು, ಸಣ್ಣ ವಿವರವನ್ನು ಕಿರಿದಾಗಿ ಬೆರೆಸು, ಇಷ್ಟೇ ಅವರ ಉಪಾಯ. ನಿಮ್ಮ ಮುಖಪುಟದಲ್ಲಿ ಬೆಟ್ಟ ಮತ್ತು ಮೋಡದ ಬೆಸುಗೆ ಚೆನ್ನಾಗಿ ಬಂದಿರುವುದೂ ಇದಕ್ಕೇ. ಅಲ್ಲಿ ಅಗಲವಾದ ಗ್ರೇಡಿಯೆಂಟ್, ಅಂದರೆ ನಿಧಾನವಾಗಿ ಕರಗುವ ಅಂಚು, ಒಪ್ಪುತ್ತದೆ, ಮೋಡಕ್ಕೆ ಕಡ್ಡಿ ಇಲ್ಲವಲ್ಲ. ಅದನ್ನು ಮಾಡಿದವರ ಕೈ ಒಳ್ಳೆಯದೇ. ಅವಸರ ಇತ್ತೇನೋ.

ಇನ್ನೊಂದು ಸಂಗತಿ ಪೇಪರಿನವರಿಗೇ ಸೇರಿದ್ದು. ಹುಡುಗಿಯ ಲಂಗವನ್ನು ಕೆಳಗೆ ನಿಧಾನವಾಗಿ ಬಿಳಿ ಹಾಳೆಗೆ ಕರಗಿಸಿದ್ದೀರಿ. ಸ್ಕ್ರೀನ್ ಮೇಲೆ ಅದು ಹೊಗೆಯ ಹಾಗೆ ಕಂಡಿರುತ್ತದೆ. ನನ್ನ ಕೈಗೆ ಬಂದ ಪ್ರತಿಯಲ್ಲಿ ಲೇಖನದ ಮೊದಲ ಸಾಲಿನ ಮೇಲೆ ಗೆರೆ ಎಳೆದ ಹಾಗೆ ಪಟ್ಟನೆ ನಿಂತಿದೆ. ಪೇಪರಿನ ಚಿತ್ರ ಎಂದರೆ ಚುಕ್ಕಿಗಳು ತಾನೆ? ತಿಳಿಯಾದಷ್ಟೂ ಚುಕ್ಕಿ ಸಣ್ಣದಾಗುತ್ತದೆ. ತೀರಾ ಸಣ್ಣ ಚುಕ್ಕಿ ಒರಟು ಕಾಗದದ ಮೇಲೆ ಕೂರದೆ ಬಿಟ್ಟುಹೋಗುತ್ತದೆ. ಅದು ಬಿಟ್ಟ ಜಾಗದಲ್ಲಿ ಅಂಚು ಹುಟ್ಟುತ್ತದೆ. ಇದಕ್ಕೆ ಪೂರ್ತಿ ಬಿಳಿಗೆ ಹೋಗದೆ ತೆಳು ಬಣ್ಣದ ಹಿನ್ನೆಲೆಗೆ ಕರಗಿಸುವುದು ಒಂದು ದಾರಿ. ಕರಗಿಸುವುದೇ ಬೇಡ ಅಂತ ಲಂಗವನ್ನು ನೇರ ಕತ್ತರಿಸುವುದು ಇನ್ನೊಂದು. ನನ್ನ ಮತ ಎರಡನೆಯದಕ್ಕೆ. ಮೆತ್ತಗಿದ್ದರೆ ಚೆಂದ ಅನ್ನುವ ಭ್ರಮೆ ಜಾಸ್ತಿ ಆಗಿದೆ. ಮೂಗಿಗಿಂತ ಮೂಗುತಿ ಭಾರ.

ಅಂದ ಹಾಗೆ ಬೆಸುಗೆ ಕಾಣದಷ್ಟು ಚೆನ್ನಾಗಿ ಮಾಡಿದ ದಿನ, ಮೂಲೆಯಲ್ಲಿ 'ಜೋಡಿಸಿದ ಚಿತ್ರ' ಅಂತ ಎರಡು ಪದ ಹಾಕಿ. ಈ ಸಲ ಹಾಕಿರಲಿಲ್ಲ. ಈ ಸಲ ಅದರ ಅಗತ್ಯವೂ ಇರಲಿಲ್ಲ ಅನ್ನಿ.

ಆ ಹುಡುಗಿಯ ಮೂಲ ಫೋಟೋ ನಿಮ್ಮಲ್ಲಿ ಇದ್ದೇ ಇರುತ್ತದೆ. ನನ್ನ ಹಾಗೆ ಅದರ ಮೇಲೇ ಸೇವ್ ಮಾಡಿರಲಾರಿರಿ. ಒಮ್ಮೆ ತೆರೆದು ಕಡ್ಡಿ ಎಣಿಸಲು ಹೇಳಿ. ಕೊಡೆಗೆ ಸಾಮಾನ್ಯವಾಗಿ 8 ಕಡ್ಡಿ. ಈ ಕೋನದಿಂದ ನಾಲ್ಕೈದಾದರೂ ಕಾಣಬೇಕು. ಭೂತಗನ್ನಡಿ ಹಿಡಿದು ನೋಡಿದೆ, ನನಗೆ ಸಿಕ್ಕಿದ್ದು ಎರಡು.

ಇತಿ,
ನಿಮ್ಮ ಹಳೆಯ ಓದುಗ